ಇರುಳಿನ ಬೆಳಕಿನ ಬಾಳಿಕೆ: ಬಾಗಲಕೋಟೆ ಸೀಮೆಯಲ್ಲಿ ಕೈದೀಪದ ಚರಿತ್ರೆ

ಮನೆಯೊಳಗೆ ಒಂದೆಡೆ ನಿಂತು ಉರಿಯುವ ದೀಪ ಮತ್ತು ಕೈಯಲ್ಲಿ ಹಿಡಿದು ನಡೆಯುವ ದೀಪ ಒಂದೇ ಕುಲದವಾದರೂ ಚರಿತ್ರೆಯಲ್ಲಿ ಬೇರೆ ಬೇರೆ ಹಾದಿ ಹಿಡಿದಿವೆ. ಮನೆಯ ದೀಪ ವಿದ್ಯುತ್ ತಂತಿಯ ಆಸರೆ ದೊರೆತ ಮೇಲೆ ತನ್ನ ಇಂಧನದ ಚಿಂತೆಯನ್ನು ಬಹುಮಟ್ಟಿಗೆ ಕಳೆದುಕೊಂಡಿತು. ಕೈದೀಪವಾದರೋ ಎಣ್ಣೆಯ ಕಾಲದಲ್ಲಿಯೂ ಬ್ಯಾಟರಿಯ ಕಾಲದಲ್ಲಿಯೂ ತನ್ನ ಇಂಧನವನ್ನು ತಾನೇ ಹೊತ್ತು ಸಾಗಬೇಕಾಗಿರುವುದರಿಂದ, ಅದು ಎಷ್ಟು ಹೊತ್ತು ಉರಿದೀತು, ಎಷ್ಟು ವರ್ಷ ಬಾಳೀತು ಎಂಬ ಪ್ರಶ್ನೆಗಳು ಬಳಸುವವರನ್ನು ಎಂದೂ ಬಿಟ್ಟಿಲ್ಲ. ಮಲಪ್ರಭಾ, ಘಟಪ್ರಭಾ ಮತ್ತು ಕೃಷ್ಣಾ ನದಿಗಳ ಆಸುಪಾಸಿನಲ್ಲಿ ಹರಡಿರುವ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ರಾತ್ರಿ ಹೊಲಕ್ಕೆ ನೀರು ಹಾಯಿಸುವ ರೈತ, ತೋಳದ ಭಯದಲ್ಲಿ ಹಿಂಡು ಕಾಯುವ ಕುರಿಗಾರ, ನಸುಕಿಗೇ ಮಗ್ಗಕ್ಕೆ ಇಳಿಯುವ ನೇಕಾರ, ಇವರೆಲ್ಲರ ದುಡಿಮೆ ಕೈದೀಪವನ್ನು ನೆಚ್ಚಿ ನಡೆದಿದೆ. ಈ ಸೀಮೆಯ ಕೈದೀಪಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿದರೆ, ದೀಪದ ಆಯುಸ್ಸನ್ನು ನಿರ್ಧರಿಸುವುದು ಅದರ ಬೆಳಕಿನ ಮೂಲಕ್ಕಿಂತ ಹೆಚ್ಚಾಗಿ ಅದರ ಇಂಧನವನ್ನು ಮತ್ತೆ ತುಂಬುವ ಅಧಿಕಾರ ಯಾರ ಕೈಯಲ್ಲಿದೆ ಎಂಬ ಸಂಗತಿಯೇ ಎಂಬುದು ಸ್ಪಷ್ಟವಾಗುತ್ತದೆ.

ಬಾದಾಮಿಯ ಮೂರನೆಯ ಗುಹಾಲಯವನ್ನು ಚಾಲುಕ್ಯ ಮಂಗಲೇಶನು ಶಕವರ್ಷ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ ವಿಷ್ಣುವಿಗೆ ಅರ್ಪಿಸಿದ ಸಂಗತಿ ಅಲ್ಲಿನ ಶಾಸನದಿಂದ ತಿಳಿದುಬರುತ್ತದೆ. ಬಂಡೆಯನ್ನು ಕೊರೆದು ಮಾಡಿದ ಇಂತಹ ಗುಡಿಯಲ್ಲಿ ಮೊಗಸಾಲೆಯ ಕಂಬಗಳ ನಡುವಿನಿಂದ ಬರುವ ಹಗಲ ಬೆಳಕು ಸಭಾಮಂಟಪ ದಾಟುವಷ್ಟರಲ್ಲಿ ಕುಂದುತ್ತದೆಯಾದ್ದರಿಂದ ಗರ್ಭಗೃಹಕ್ಕೆ ಹಗಲಿನಲ್ಲಿಯೂ ದೀಪ ಬೇಕಾಗುತ್ತದೆ. ಮುಂದಿನ ಶತಮಾನಗಳ ಕನ್ನಡ ಶಾಸನಗಳಲ್ಲಿ ನಂದಾದೀವಿಗೆಗಾಗಿ, ಅಂದರೆ ಎಂದೂ ಆರದಂತೆ ಉರಿಸಬೇಕಾದ ದೀಪಕ್ಕಾಗಿ, ಎಣ್ಣೆಯನ್ನೂ ಗಾಣದ ಆದಾಯವನ್ನೂ ದತ್ತಿ ಬಿಟ್ಟ ಉಲ್ಲೇಖಗಳು ಮತ್ತೆ ಮತ್ತೆ ಬರುತ್ತವೆ. ದೀಪವನ್ನು ಒಮ್ಮೆ ಕೊಟ್ಟರೆ ಸಾಲದು, ಅದಕ್ಕೆ ನಿತ್ಯ ಎಣ್ಣೆ ಬರುವ ದಾರಿಯನ್ನೂ ಕಟ್ಟಬೇಕು ಎಂಬ ತಿಳಿವಳಿಕೆ ಆ ದತ್ತಿಗಳ ಹಿಂದಿತ್ತು. ಇರುಳಿನಲ್ಲಿ ನಡೆಯುವವರಿಗೆ ಪಂಜು ಅಥವಾ ದೀವಟಿಗೆ ಒದಗುತ್ತಿತ್ತು. ಕೋಲಿನ ತುದಿಗೆ ಬಟ್ಟೆ ಸುತ್ತಿ ಎಣ್ಣೆಯಲ್ಲಿ ತೋಯಿಸಿ ಹೊತ್ತಿಸಿದ ಈ ದೀಪಕ್ಕೆ ಆಗಾಗ ಎಣ್ಣೆ ಎರೆಯದಿದ್ದರೆ ಬಟ್ಟೆಯೇ ಸುಟ್ಟುಹೋಗುತ್ತಿದ್ದುದರಿಂದ, ಪಂಜು ಹಿಡಿಯುವವನ ಇನ್ನೊಂದು ಕೈಯಲ್ಲಿ ಎಣ್ಣೆಯ ಪಾತ್ರೆ ಇರಬೇಕಾಗುತ್ತಿತ್ತು. ಈ ಸೀಮೆಯ ಹೊಲಗಳಲ್ಲಿ ಬೆಳೆಯುವ ಕುಸುಬಿ, ಔಡಲಗಳ ಎಣ್ಣೆ ಊರಿನ ಗಾಣದಲ್ಲಿಯೇ ಸಿಗುತ್ತಿದ್ದ ಕಾರಣ, ಬೆಳಕು ಮಂದವಾಗಿದ್ದರೂ ಇಂಧನ ಪರಾಧೀನವಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಸ್ಥಿತಿ ಬದಲಾಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಪ್ರದೇಶ ಮೊದಲು ಕಲಾದಗಿ ಜಿಲ್ಲೆ ಎಂದೂ, ಕೇಂದ್ರ ಸ್ಥಳ ಬದಲಾದ ಮೇಲೆ ಬಿಜಾಪುರ ಜಿಲ್ಲೆ ಎಂದೂ ಕರೆಯಿಸಿಕೊಂಡಿತು. 1880ರ ದಶಕದಲ್ಲಿ ಹೊಟಗಿಯಿಂದ ಗದಗಿಗೆ ಹಾಕಿದ ರೈಲುಮಾರ್ಗ ಬಾಗಲಕೋಟೆ ಮತ್ತು ಬಾದಾಮಿಗಳನ್ನು ಹಾದುಹೋದುದರಿಂದ ದೂರದ ಸರಕುಗಳ ಸಾಗಾಟ ಸುಲಭವಾಯಿತು; ಅವುಗಳ ಜೊತೆಗೆ ಸೀಮೆ ಎಣ್ಣೆಯೂ ಹಳ್ಳಿಗಳನ್ನು ಮುಟ್ಟಿತು. ಈ ಭಾಗದ ಜನ ಚಿಮಣಿ ಎಂದು ಕರೆಯುವ, ಗಾಜಿಲ್ಲದ ಸಣ್ಣ ಬತ್ತಿಯ ದೀಪ ಅಡುಗೆಮನೆಯನ್ನು ಸೇರಿದರೆ, ಗಾಜಿನ ಬುರುಡೆ ಮತ್ತು ತಂತಿಯ ಹಿಡಿಕೆಯುಳ್ಳ ಕಂದೀಲು ಕೈದೀಪದ ಸ್ಥಾನ ಪಡೆಯಿತು. ಕರಾಡದ ಬಳಿ 1916ರಲ್ಲಿ ಸ್ಥಾಪನೆಯಾದ ಓಗಲೆ ಗಾಜಿನ ಕಾರ್ಖಾನೆ ತಯಾರಿಸಿದ ‘ಪ್ರಭಾಕರ’ ಕಂದೀಲು ಮುಂಬಯಿ ಪ್ರಾಂತದಲ್ಲಿ ಸ್ವದೇಶಿ ಉದ್ಯಮದ ಹೆಮ್ಮೆಯ ವಸ್ತುವಾಗಿ ಹೆಸರು ಗಳಿಸಿತು. ಕಂದೀಲಿನ ಬುರುಡೆ ಒಡೆದರೆ ಬುರುಡೆಯನ್ನಷ್ಟೇ, ಬತ್ತಿ ಸವೆದರೆ ಬತ್ತಿಯನ್ನಷ್ಟೇ ಬದಲಿಸಬಹುದಾಗಿತ್ತು. ತಳದ ತೊಟ್ಟಿ ಸೋರಿದರೆ ಬೆಸುಗೆ ಹಾಕಬಹುದಾಗಿತ್ತು. ಹೀಗಾಗಿ ಒಂದೇ ಕಂದೀಲು ತಂದೆಯಿಂದ ಮಗನಿಗೆ ಬರುವುದು ಅಪರೂಪವಾಗಿರಲಿಲ್ಲ. ಆದರೆ ಎಣ್ಣೆ ಊರಿನ ಗಾಣದಿಂದ ಅಂಗಡಿಗೆ, ಸ್ವಾತಂತ್ರ್ಯಾನಂತರ ಪಡಿತರ ಚೀಟಿಗೆ ಸರಿಯಿತು.

ವಿದ್ಯುತ್ತಿನ ಕೈದೀಪದ ಮೂಲ ಇದೇ ಕಾಲದ ಯುರೋಪು ಮತ್ತು ಅಮೆರಿಕಗಳಲ್ಲಿದೆ. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ಸತು, ಇಂಗಾಲ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಬಳಸಿ ದ್ರವ ತುಂಬಿದ ವಿದ್ಯುತ್ಕೋಶವನ್ನು ರೂಪಿಸಿದನು. ಜರ್ಮನಿಯ ಕಾರ್ಲ್ ಗಾಸ್ನರ್ 1886ರ ಸುಮಾರಿಗೆ ಆ ದ್ರವವನ್ನು ಮುದ್ದೆಯಂತೆ ಗಟ್ಟಿಗೊಳಿಸಿ, ಸತುವಿನ ಬಟ್ಟಲಿನಲ್ಲಿ ಅಡಗಿಸಿ ಒಣಕೋಶವನ್ನಾಗಿ ಮಾಡಿದನು. ಕೋಶವನ್ನು ಹೇಗೆ ಹಿಡಿದರೂ ಚೆಲ್ಲದಂತಾದ ಮೇಲೆಯೇ ಕೈದೀಪ ಸಾಧ್ಯವಾಯಿತು. ಅಮೆರಿಕದಲ್ಲಿ ಡೇವಿಡ್ ಮಿಸೆಲ್‌ಗೆ ಕೊಳವೆಯಾಕಾರದ ಟಾರ್ಚಿನ ಹಕ್ಕುಪತ್ರ 1899ರಲ್ಲಿ ದೊರೆಯಿತು. ಭಾರತದಲ್ಲಿ ಎವರೆಡಿ ಕಂಪನಿ 1934ರಲ್ಲಿ ನೋಂದಣಿಯಾಗಿ, ಕಲ್ಕತ್ತೆಯಲ್ಲಿ ಸೆಲ್ ತಯಾರಿಕೆಯನ್ನೂ, 1950ರ ದಶಕದ ಕೊನೆಗೆ ಲಖನೌದಲ್ಲಿ ಟಾರ್ಚ್ ತಯಾರಿಕೆಯನ್ನೂ ಕೈಗೊಂಡಿತು. ಅಲಹಾಬಾದಿನ ಜೀಪ್ ಟಾರ್ಚುಗಳೂ ದೇಶದ ಹಳ್ಳಿಗಳಲ್ಲಿ ಹರಡಿದವು. ಬಾಗಲಕೋಟೆ ಸೀಮೆಯ ಮಾತಿನಲ್ಲಿ ಇಡೀ ಟಾರ್ಚಿಗೆ ಬ್ಯಾಟರಿ ಎಂದೂ ಅದರೊಳಗಿನ ಕೋಶಕ್ಕೆ ಸೆಲ್ ಅಥವಾ ಶೆಲ್ ಎಂದೂ ಹೆಸರು ನಿಂತಿತು.

ಎರಡು ದೊಡ್ಡ ಸೆಲ್ಲಿನ ಹಿತ್ತಾಳೆಯ ಟಾರ್ಚಿನ ರಚನೆ ಸರಳವಾದುದು: ಕೊಳವೆ, ಹಿಂಬದಿಯ ಸ್ಪ್ರಿಂಗು, ಜಾರುವ ಸ್ವಿಚ್ಚು, ಹೊಳಪಿನ ಬಟ್ಟಲು, 2.5 ವೋಲ್ಟಿನ ಸಣ್ಣ ಬಲ್ಬು. ಇದರ ದೌರ್ಬಲ್ಯವಿದ್ದುದು ಬಲ್ಬು ಮತ್ತು ಸೆಲ್ಲುಗಳಲ್ಲಿ. ಕಾದು ಬೆಳಗುವ ತಂತಿಯ ಬಲ್ಬು ಹತ್ತಾರು ಗಂಟೆಗಳಲ್ಲಿಯೇ ಸುಟ್ಟುಹೋಗುತ್ತಿದ್ದುದರಿಂದ ಹಲವು ಟಾರ್ಚುಗಳ ಹಿಂಬದಿಯ ಮುಚ್ಚಳದಲ್ಲಿ ಬದಲಿ ಬಲ್ಬಿಗೆ ಜಾಗವಿರುತ್ತಿತ್ತು. ಹೊಸ ಸೆಲ್ಲಿನ 1.5 ವೋಲ್ಟು ಬಳಕೆಯೊಂದಿಗೆ ಇಳಿಯುತ್ತ ಹೋಗುತ್ತದೆ. ತಂತಿಯ ಬಲ್ಬಿನ ಗುಣದಿಂದಾಗಿ ವೋಲ್ಟು ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಆದ್ದರಿಂದ ಸೆಲ್ಲಿನಲ್ಲಿ ಸಾಕಷ್ಟು ಶಕ್ತಿ ಉಳಿದಿರುವಾಗಲೇ ಟಾರ್ಚು ಕೆಂಪಗೆ ಮಂಕಾಗುತ್ತಿತ್ತು.

ಇದಕ್ಕೆ ಹಳ್ಳಿಗರು ಕಂಡುಕೊಂಡ ಉಪಾಯಗಳು ರಸಾಯನಶಾಸ್ತ್ರಕ್ಕೆ ಒಪ್ಪುವಂಥವು. ಟಾರ್ಚನ್ನು ಒಂದೇ ಸಮನೆ ಉರಿಸದೆ ಬೇಕಾದಾಗಷ್ಟೇ ಬೆಳಕು ಬಿಟ್ಟು ಆರಿಸುವುದರಿಂದ ಸತು-ಇಂಗಾಲದ ಸೆಲ್ಲಿಗೆ ಬಿಡುವು ಸಿಕ್ಕಿ, ಅದರೊಳಗಿನ ಅಯಾನುಗಳು, ಅಂದರೆ ವಿದ್ಯುದಾವೇಶವುಳ್ಳ ಕಣಗಳು, ಮತ್ತೆ ಹರಡಿಕೊಂಡು ವೋಲ್ಟು ಭಾಗಶಃ ಚೇತರಿಸಿಕೊಳ್ಳುತ್ತದೆ. ಸೋತ ಸೆಲ್ಲುಗಳನ್ನು ಬಿಸಿಲಿಗಿಡುವ ವಾಡಿಕೆಯೂ ಇಂಥದೇ: ಶಾಖದಿಂದ ಒಳಗಿನ ಕ್ರಿಯೆ ಚುರುಕಾಗಿ ಸ್ವಲ್ಪ ಹೊತ್ತಿನ ಬೆಳಕು ದೊರೆಯುತ್ತದೆಯಾದರೂ, ಅದು ಸೆಲ್ಲಿಗೆ ಹೊಸ ಶಕ್ತಿಯನ್ನು ತುಂಬುವುದಿಲ್ಲ. ಸೆಲ್ಲಿನ ಸತುವಿನ ಬಟ್ಟಲು ತಾನೇ ಇಂಧನವಾಗಿ ಸವೆಯುವುದರಿಂದ, ತೀರಿದ ಸೆಲ್ಲನ್ನು ಟಾರ್ಚಿನಲ್ಲಿಯೇ ಮರೆತರೆ ಬಟ್ಟಲು ತೂತಾಗಿ ದ್ರವ ಒಸರಿ ಸ್ಪ್ರಿಂಗಿಗೂ ಹಿತ್ತಾಳೆಗೂ ಕಿಲುಬು ಹತ್ತುತ್ತಿತ್ತು. ಮಳೆಗಾಲ ಮುಗಿದ ಮೇಲೆ ಸೆಲ್ಲುಗಳನ್ನು ಹೊರತೆಗೆದಿಟ್ಟ ಮನೆಯಲ್ಲಿ ಟಾರ್ಚು ದಶಕಗಳ ಕಾಲ ಬಾಳಿತು. ಇಡದ ಮನೆಯಲ್ಲಿ ಒಂದೆರಡು ವರ್ಷಗಳಲ್ಲಿ ಹಾಳಾಯಿತು. ಮುಗಿದ ಸೆಲ್ಲು ಕೂಡ ಪೂರ್ತಿ ವ್ಯರ್ಥವಾಗುತ್ತಿರಲಿಲ್ಲ. ಅದರ ಕರಿಯ ಪುಡಿ ಶಾಲೆಯ ಹಲಗೆಗೆ ಬಳಿಯಲು ಬಳಕೆಯಾಗುತ್ತಿತ್ತು.

ವಿದ್ಯುತ್ ಜಾಲ ಹಳ್ಳಿಗಳಿಗೆ ಹರಡಿದ ಮೇಲೆ ಕೈದೀಪದ ಅಗತ್ಯ ಕುಗ್ಗುವುದು ಸಹಜವೆಂದು ತೋರಿದರೂ, ಈ ಸೀಮೆಯಲ್ಲಿ ನಡೆದದ್ದು ಬೇರೆ. ನದಿದಂಡೆಯಲ್ಲಿಯೂ ಕೊಳವೆಬಾವಿಗಳ ಬಳಿಯಲ್ಲಿಯೂ ಪಂಪ್‌ಸೆಟ್ಟುಗಳು ಹೆಚ್ಚಿದವು. ಅವುಗಳಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತು ದಿನದ ಕೆಲವೇ ಗಂಟೆ, ಅದರಲ್ಲಿಯೂ ಒಂದು ಪಾಲು ರಾತ್ರಿಯ ಹೊತ್ತಿನಲ್ಲಿ ಬರುವುದರಿಂದ, ಕಬ್ಬಿಗೂ ಗೋವಿನಜೋಳಕ್ಕೂ ನೀರು ಹಾಯಿಸಲು ರೈತ ಇರುಳಿನಲ್ಲಿಯೇ ಹೊಲಕ್ಕೆ ಹೋಗಬೇಕಾಯಿತು. ತೇವಗೊಂಡ ಕಾಲುವೆಯ ಬದುವಿನಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ಅಪಾಯವಿದ್ದು, ಕಟ್ಟುಹಾವು ಮತ್ತು ಮಂಡಲಗಳ ಓಡಾಟ ರಾತ್ರಿಯಲ್ಲಿಯೇ ಹೆಚ್ಚು. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿದ್ದನ್ನು ನೆನೆದರೆ, ಹೆಜ್ಜೆಯಿಡುವ ಮುನ್ನ ನೆಲವನ್ನು ಕಾಣಿಸುವ ದೀಪ ರೈತನಿಗೆ ಸಲಿಕೆಯಷ್ಟೇ ಅಗತ್ಯವಾದ ಸಲಕರಣೆ ಎಂಬುದು ಮನದಟ್ಟಾಗುತ್ತದೆ. ನಡುರಾತ್ರಿಯಲ್ಲಿ ಅದು ಕೈಕೊಟ್ಟರೆ ಆಗುವ ನಷ್ಟ ಕೆಲವು ರೂಪಾಯಿಗಳದ್ದಲ್ಲ.

ಇಂತಹ ಹೊತ್ತಿನಲ್ಲಿ ಎಲ್‌ಇಡಿ, ಅಂದರೆ ವಿದ್ಯುತ್ತು ಹರಿದಾಗ ತಾನೇ ಬೆಳಗುವ ಅರೆವಾಹಕದ ಹರಳು, ಕೈದೀಪದ ಲೆಕ್ಕಾಚಾರವನ್ನೇ ಬದಲಿಸಿತು. 1990ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಪ್ರಖರ ನೀಲಿ ಎಲ್‌ಇಡಿ ಸಿದ್ಧವಾಯಿತು. ಅದರ ಮೇಲೆ ಹಳದಿ ಬೆಳಕು ಸೂಸುವ ರಾಸಾಯನಿಕವನ್ನು ಲೇಪಿಸಿದಾಗ ಬಿಳಿ ಬೆಳಕು ದೊರೆಯಿತು. ನೀಲಿ ಎಲ್‌ಇಡಿಯನ್ನು ರೂಪಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಟಾರ್ಚಿನ ತಂತಿಯ ಬಲ್ಬಿಗೆ ಬೇಕಾದ ವಿದ್ಯುತ್ತಿನ ಹತ್ತರಲ್ಲಿ ಒಂದು ಪಾಲಿನಲ್ಲಿಯೇ ಇಂದಿನ ಎಲ್‌ಇಡಿ ಅಷ್ಟೇ ಬೆಳಕು ಕೊಡಬಲ್ಲದು. ಒಳ್ಳೆಯ ಎಲ್‌ಇಡಿಗೆ ಹೇಳುವ 50,000 ಗಂಟೆಗಳ ಆಯುಸ್ಸನ್ನು, ಅಂದರೆ ಅದರ ಬೆಳಕು ಮೊದಲಿನ ನೂರಕ್ಕೆ 70ಕ್ಕೆ ಇಳಿಯುವವರೆಗಿನ ಅವಧಿಯನ್ನು, ರಾತ್ರಿಗೆ 2 ಗಂಟೆಯ ಬಳಕೆಗೆ ಹಂಚಿದರೆ 68 ವರ್ಷಗಳಾಗುತ್ತವೆ. ದೀಪದ ಬೆಳಗುವ ಭಾಗ ಹೀಗೆ ಮನುಷ್ಯನ ದುಡಿಮೆಯ ಆಯುಸ್ಸನ್ನೂ ಮೀರಿ ನಿಂತಿತು.

ಆದರೂ ಎಲ್‌ಇಡಿ ಟಾರ್ಚುಗಳು ಹಿತ್ತಾಳೆಯ ಟಾರ್ಚಿನಷ್ಟು ಬಾಳಲಿಲ್ಲ. ಅಗ್ಗದ ಚಾರ್ಜಿಂಗ್ ಟಾರ್ಚುಗಳ ಮೊದಲ ಪೀಳಿಗೆಯಲ್ಲಿ ಇದ್ದದ್ದು 4 ವೋಲ್ಟಿನ, ಬಿಗಿಯಾಗಿ ಮುಚ್ಚಿದ ಸೀಸ-ಆಮ್ಲದ ಬ್ಯಾಟರಿ. ಇದನ್ನು ಖಾಲಿಯಾಗಿಯೇ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಗೊಂಡು, ಮುಂದೆ ಎಷ್ಟು ಚಾರ್ಜ್ ಮಾಡಿದರೂ ಶಕ್ತಿ ನಿಲ್ಲುವುದಿಲ್ಲ. ಬೆಳೆಗೆ ನೀರು ಬೇಕಾದ ತಿಂಗಳುಗಳಲ್ಲಿ ನಿತ್ಯ ಬಳಸಿ, ಉಳಿದ ಕಾಲ ಗೂಟಕ್ಕೆ ತೂಗುಹಾಕುವ ಹೊಲದ ಟಾರ್ಚಿಗೆ ಇದು ಮಾರಕವಾದ ಗುಣ. ಹಳೆಯ ಟಾರ್ಚಿಗೆ ಸೆಲ್ಲನ್ನು ಹೊರತೆಗೆದಿಡುವುದೇ ಆರೈಕೆಯಾಗಿದ್ದರೆ, ಈ ಟಾರ್ಚಿಗೆ ಬಳಸದ ತಿಂಗಳುಗಳಲ್ಲಿಯೂ ಆಗಾಗ ಚಾರ್ಜ್ ಮಾಡುವುದು ಆರೈಕೆಯಾಗಿತ್ತು. ಬಳಕೆಯ ರೂಢಿ ಬದಲಾಗುವ ಮೊದಲೇ ಬ್ಯಾಟರಿಯ ಜಾತಿ ಬದಲಾದುದರಿಂದ, ಎಲ್‌ಇಡಿ ಸುಸ್ಥಿತಿಯಲ್ಲಿದ್ದ ಅಸಂಖ್ಯ ಟಾರ್ಚುಗಳು ಮೂಲೆ ಸೇರಿದವು.

ಇಂದಿನ ಅಂಗೈಯಗಲದ ಟಾರ್ಚು ಲಿಥಿಯಂ-ಅಯಾನ್ ಸೆಲ್ಲನ್ನು ನೆಚ್ಚಿದೆ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಈ ಬಗೆಯ ಸೆಲ್ಲುಗಳಲ್ಲಿ 18650 ಎಂಬ ಅಳತೆ, ಅಂದರೆ 18 ಮಿಲಿಮೀಟರ್ ವ್ಯಾಸ ಮತ್ತು 65 ಮಿಲಿಮೀಟರ್ ಉದ್ದದ ಸೆಲ್ಲು, ಎಲ್ಲೆಡೆ ರೂಢಿಯಲ್ಲಿದೆ. ಸರಾಸರಿ 3.7 ವೋಲ್ಟು ಕೊಡುವ ಇದು ಬಿಳಿ ಎಲ್‌ಇಡಿಗೆ ಬೇಕಾದ ಸುಮಾರು 3 ವೋಲ್ಟನ್ನು ಒಂದೇ ಸೆಲ್ಲಿನಿಂದ ಒದಗಿಸುತ್ತದೆ. ವಿದ್ಯುತ್ತನ್ನು ನಿಯಂತ್ರಿಸುವ ಸಣ್ಣ ಸರ್ಕ್ಯೂಟ್ ಇದ್ದರೆ ಬೆಳಕು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಚಾರ್ಜ್ ಮಾಡಿ ಖಾಲಿ ಮಾಡುವವರೆಗೆ ಸೆಲ್ಲಿನ ಸಾಮರ್ಥ್ಯದ ಹೆಚ್ಚಿನ ಭಾಗ ಉಳಿಯುತ್ತದೆ. ಅದರ ಶತ್ರು ಶಾಖ: ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಈ ಸೀಮೆಯಲ್ಲಿ ತಗಡಿನ ಸೂರಿನ ಕೆಳಗೆ ಪೂರ್ತಿ ಚಾರ್ಜ್ ಮಾಡಿಟ್ಟ ಸೆಲ್ಲು ಬಳಸದಿದ್ದರೂ ಮುಪ್ಪಾಗುತ್ತದೆ. ಅರ್ಧದಷ್ಟು ಚಾರ್ಜಿನಲ್ಲಿ, ತಂಪಾದ ಒಳಮನೆಯಲ್ಲಿ ಇಡುವುದು ಅದಕ್ಕೆ ಹಿತ. ಸೋತ ಸೆಲ್ಲನ್ನು ಬಿಸಿಲಿಗಿಡುವ ಹಳೆಯ ರೂಢಿ ಇಲ್ಲಿ ಹಾನಿಕರವಷ್ಟೇ ಅಲ್ಲ, ಅಪಾಯಕಾರಿಯೂ ಹೌದು.

ಹೊರಮೈಯ ಗಟ್ಟಿತನವೂ ಬಾಳಿಕೆಯ ಇನ್ನೊಂದು ಮುಖ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ ಮತ್ತು ಹುನಗುಂದ ತಾಲ್ಲೂಕುಗಳ ದಂಡೆಯ ಊರುಗಳಿಗೆ ನುಗ್ಗಿದಂತಹ ಸಂದರ್ಭದಲ್ಲಿ, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು ಎಂಬುದನ್ನು ಸೂಚಿಸುವ ಐಪಿಎಕ್ಸ್7 ಗುರುತಿನ ಬೆಲೆ ತಿಳಿಯುತ್ತದೆ. ಬೆಳಕಿನ ಬಣ್ಣವೂ ಉಪೇಕ್ಷಿಸತಕ್ಕದ್ದಲ್ಲ. ಕರೆಂಟು ಹೋದಾಗ ಇಳಕಲ್ಲಿನ ಗುಂಡಿಮಗ್ಗದ ಮೇಲೆ ಅಗ್ಗದ ಎಲ್‌ಇಡಿಯ ನೀಲಿಮಿಶ್ರಿತ ಬೆಳಕು ಬಿದ್ದರೆ, ಅದರಲ್ಲಿ ಗಾಢ ಕೆಂಪಿನ ಅಂಶ ಕಡಿಮೆಯಿರುವುದರಿಂದ, ಸೀರೆಯ ಗಿರಿಕುಂಕುಮದ ದಡಿಯೂ ತೋಪು ಸೆರಗಿನ ಕೆಂಪು ರೇಷ್ಮೆಯೂ ತಮ್ಮ ನಿಜವಾದ ಬಣ್ಣದಲ್ಲಿ ಕಾಣುವುದಿಲ್ಲ. ಕಂದೀಲಿನ ಮಂದ ಬೆಳಕು ಈ ಒಂದು ವಿಷಯದಲ್ಲಿ ಇದಕ್ಕಿಂತ ಮೇಲಾಗಿತ್ತು.

ಮುಗಿದ ಬ್ಯಾಟರಿ ಎಲ್ಲಿ ಸೇರುತ್ತದೆ ಎಂಬುದು ಈ ಚರಿತ್ರೆಯ ಇತ್ತೀಚಿನ ಅಧ್ಯಾಯ. ಸೀಸಕ್ಕೆ ಬೆಲೆಯಿರುವುದರಿಂದ ಸೀಸದ ಬ್ಯಾಟರಿಯನ್ನು ಗುಜರಿಯವರು ಕೊಳ್ಳುತ್ತಾರೆ. ಸಣ್ಣ ಸೆಲ್ಲುಗಳು ಮನೆಯ ಕಸದೊಂದಿಗೆ ತಿಪ್ಪೆಗೆ ಬಿದ್ದು, ಗೊಬ್ಬರದ ಜೊತೆಗೆ ಹೊಲವನ್ನೇ ಸೇರುವ ಸಂಭವವಿದೆ. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆ ಹೊಣೆ ಹಳ್ಳಿಯ ಕಿರಾಣಿ ಅಂಗಡಿಯವರೆಗೆ ತಲುಪಿದಾಗ ಮಾತ್ರ ನಿಯಮಕ್ಕೆ ಅರ್ಥ ಬರುತ್ತದೆ.

ಪಂಜಿನಿಂದ ಹಿತ್ತಾಳೆಯ ಟಾರ್ಚಿನವರೆಗೆ ಈ ಸೀಮೆಯಲ್ಲಿ ದೀರ್ಘಕಾಲ ಬಾಳಿದ ಕೈದೀಪಗಳೆಲ್ಲವೂ ಬಳಸುವವನೇ ಬಿಚ್ಚಿ, ತುಂಬಿ, ಬದಲಿಸಬಹುದಾದವು. ಅಂಟು ಹಾಕಿ ಮುಚ್ಚಿದ ಇಂದಿನ ಹಲವು ಟಾರ್ಚುಗಳಲ್ಲಿ ಮಾತ್ರ ಅರವತ್ತು ವರ್ಷ ಬೆಳಗಬಲ್ಲ ಎಲ್‌ಇಡಿಯನ್ನು ಕೆಲವೇ ವರ್ಷ ಬಾಳುವ ಬ್ಯಾಟರಿಯೊಂದಿಗೆ ಬಿಡಿಸಲಾಗದಂತೆ ಕಟ್ಟಿಹಾಕಲಾಗಿದೆ. ಆದ್ದರಿಂದ ಕೊಳ್ಳುವವರು ಬೆಳಕಿನ ಪ್ರಖರತೆಯನ್ನು ನೋಡುವ ಮೊದಲು, ಮುಚ್ಚಳ ತಿರುಗಿಸಿದರೆ ಸೆಲ್ಲು ಹೊರಬರುವುದೇ, ಆ ಅಳತೆಯ ಸೆಲ್ಲು ಇಳಕಲ್ಲಿನ ಅಥವಾ ಹುನಗುಂದದ ಪೇಟೆಯಲ್ಲಿ ಬಿಡಿಯಾಗಿ ಸಿಗುವುದೇ ಎಂಬುದನ್ನು ನೋಡಬೇಕು. ತಯಾರಿಸುವವರೂ ಅದನ್ನೇ ಬಾಳಿಕೆಯ ಮೊದಲ ಅಳತೆಯಾಗಿ ಒಪ್ಪಬೇಕು. ದೀಪಕ್ಕೆ ಎಣ್ಣೆಯ ದಾರಿಯನ್ನೂ ಕಟ್ಟಿಕೊಟ್ಟ ಹಿಂದಿನವರ ವಿವೇಕ ಹೊಸ ತಂತ್ರಜ್ಞಾನಕ್ಕೂ ಪೂರ್ತಿಯಾಗಿ ಅನ್ವಯಿಸುತ್ತದೆ, ಮತ್ತು ರಾತ್ರಿ ಹೊಲದಲ್ಲಿ ದುಡಿಯುವವರ ಸುರಕ್ಷತೆ ಅದನ್ನು ಪಾಲಿಸುವುದರ ಮೇಲೆ ನಿಂತಿದೆ.