ಕ್ಷ-ಕಿರಣ ಶೋಧಕಗಳ ಮಾಪನಾಂಕ ನಿರ್ಣಯ

ಕ್ಷ-ಕಿರಣ ಶೋಧಕಗಳ ಮಾಪನಾಂಕ ನಿರ್ಣಯವು ಬಾಹ್ಯಾಕಾಶ ದೂರದರ್ಶಕಗಳ ಶೋಧಕಗಳ ದಕ್ಷತೆ, ಶಕ್ತಿ ಪೃಥಕ್ಕರಣ ಸಾಮರ್ಥ್ಯ ಮತ್ತು ಹಿನ್ನೆಲೆ ಗದ್ದಲವನ್ನು ಅಳೆಯುವ ಪ್ರಕ್ರಿಯೆಯಾಗಿದೆ. ಉಡಾವಣೆಗೆ ಮುನ್ನ ಪ್ರಯೋಗಾಲಯದಲ್ಲಿಯೂ ಅನಂತರ ಕಕ್ಷೆಯಲ್ಲಿಯೂ ಇದನ್ನು ನಡೆಸಲಾಗುತ್ತದೆ.

ಇದಕ್ಕೆ ಸಾಮಾನ್ಯವಾಗಿ ವಿಕಿರಣಶೀಲ ಕಬ್ಬಿಣ-55 ಆಕರವನ್ನು ಬಳಸುತ್ತಾರೆ. ಅದರ ಕ್ಷಯದಿಂದ ಮ್ಯಾಂಗನೀಸ್‌ನ 5.9 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ರೋಹಿತರೇಖೆ ಹೊಮ್ಮುತ್ತದೆ. ಶೋಧಕವು ದಾಖಲಿಸಿದ ರೇಖೆ ಅಗಲವಾದಷ್ಟೂ ಅದರ ಪೃಥಕ್ಕರಣ ಸಾಮರ್ಥ್ಯ ಕುಂದಿದೆಯೆಂದರ್ಥ. ಈ ಆಕರದ ಅರ್ಧಾಯು ಸುಮಾರು 2.7 ವರ್ಷಗಳಾದ್ದರಿಂದ ದೀರ್ಘಕಾಲದ ಯೋಜನೆಗಳಲ್ಲಿ ಸೂಪರ್‌ನೋವಾ ಅವಶೇಷಗಳಂತಹ ಆಕಾಶಕಾಯಗಳನ್ನೂ ಅವಲಂಬಿಸಲಾಗುತ್ತದೆ.

1999ರಲ್ಲಿ ಉಡಾವಣೆಯಾದ ಚಂದ್ರಾ ವೀಕ್ಷಣಾಲಯದ ಕೆಲವು ಸಿಸಿಡಿಗಳು ವಿಕಿರಣ ಪಟ್ಟಿಗಳ ಪ್ರೋಟಾನುಗಳಿಂದ ಹಾನಿಗೊಂಡು, ಅವುಗಳ ವಿದ್ಯುದಾವೇಶ ವರ್ಗಾವಣೆ ದುರ್ಬಲವಾಯಿತು. ಕಕ್ಷೆಯಲ್ಲಿನ ಮಾಪನಗಳಿಂದ ಇದು ತಿಳಿದುಬಂದ ಬಳಿಕ, ಆ ಪಟ್ಟಿಗಳನ್ನು ಹಾಯುವಾಗ ಉಪಕರಣವನ್ನು ನಾಭಿಸ್ಥಾನದಿಂದ ಸರಿಸಿಡುವ ಕ್ರಮ ಜಾರಿಗೆ ಬಂದಿತು.