ಮುಂಗಡ, ಕರಾರು, ರಹದಾರಿ: ಕೊಡಗಿನ ಕಾಫಿತೋಟಗಳ ಚರಿತ್ರೆಯಿಂದ ಒಂದು ವಿಚಾರ

ಹೊಸದಾಗಿ ತಲೆಯೆತ್ತುವ ಉದ್ಯಮಕ್ಕೆ ಮೊದಲು ಬೇಕಾಗುವುದು ಬಂಡವಾಳವೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಚರಿತ್ರೆಯನ್ನು ಪರಿಶೀಲಿಸಿದರೆ, ಬಂಡವಾಳದೊಡನೆಯೇ ಹೊರನಾಡಿನ ಕೆಲಸಗಾರನೂ ಬೇಕಾಗುವನೆಂಬುದು ವಿಶದವಾಗುತ್ತದೆ. ಅವನನ್ನು ಕರೆತರುವ ಕಟ್ಟಳೆಯೇ ಅವನನ್ನು ಕಟ್ಟಿಹಾಕುವ ಕಟ್ಟಳೆಯೂ ಆಗಬೇಕೆ? ಇಂದು ಗಣಕಯಂತ್ರದ ನೂತನೋದ್ಯಮಗಳು ಪರದೇಶದ ನಿಪುಣರನ್ನು ಕರೆಸಿಕೊಳ್ಳುವಾಗ ಏಳುವ ಈ ಪ್ರಶ್ನೆಯು ಹೊಸದಲ್ಲ. ನೂರೈವತ್ತು ವರ್ಷಗಳಿಗೂ ಹಿಂದೆ ಕೊಡಗಿನ ಕಾಫಿತೋಟಗಳಲ್ಲಿ ಇದೇ ಪ್ರಶ್ನೆಯು ಬೇರೊಂದು ವೇಷದಲ್ಲಿ ಎದ್ದಿತ್ತು.

ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಚೆಟ್ಟಳ್ಳಿಯೆಂಬ ಊರಿದೆ. ಸುತ್ತಲೂ ಮರಗಳ ನೆರಳಿನಲ್ಲಿ ಬೆಳೆದ ಕಾಫಿ, ನಡುನಡುವೆ ಕಿತ್ತಳೆ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಈ ದೃಶ್ಯವು ಅನಾದಿಯಾದುದೆಂದು ನೋಡುವವರಿಗೆ ತೋರಬಹುದು. ವಸ್ತುತಃ ಇದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಸೃಷ್ಟಿ. ಕೊಡಗು 1834ರಲ್ಲಿ ಇಂಗ್ಲಿಷರ ವಶವಾಯಿತು. 1854ರಲ್ಲಿ ಫೌಲರ್ ಎಂಬವನು ಮಡಿಕೇರಿಯ ಬಳಿ ಮೊದಲನೆಯ ಐರೋಪ್ಯ ತೋಟವನ್ನು ತೆರೆದನು. 1857ರಲ್ಲಿ ಮಂಗಳೂರಿನವರಾದ, ಬಾಸೆಲ್ ಮಿಶನ್ನಿನ ಆನಂದರಾವ್ ಕೌಂಡಿನ್ಯರು ಆನಂದಪುರವನ್ನು ಸ್ಥಾಪಿಸಿ ತೋಟವನ್ನಿಟ್ಟರು. ಆ ಕಾಲದಲ್ಲಿ ಕಾಫಿಯು ಇಂದಿನ ನೂತನೋದ್ಯಮಗಳಷ್ಟೇ ಅನಿಶ್ಚಿತವಾದ ಸಾಹಸವಾಗಿದ್ದಿತು. 1860ರ ದಶಕದಲ್ಲಿ ಕಾಂಡಕೊರೆಯುವ ಹುಳುವಿನ ಬಾಧೆಯು ತೋಟಗಳನ್ನು ಎಷ್ಟರಮಟ್ಟಿಗೆ ಹಾಳುಮಾಡಿತೆಂದರೆ, ಮದರಾಸು ಸರಕಾರವು ಜಾರ್ಜ್ ಬೈಡಿ ಎಂಬ ವೈದ್ಯನಿಂದ ವಿಚಾರಣೆ ನಡೆಯಿಸಬೇಕಾಯಿತು. ಅವನ ವರದಿಯು 1869ರಲ್ಲಿ ಪ್ರಕಟವಾಯಿತು.

ಕೊಡಗಿನ ಒಕ್ಕಲುಗಳಿಗೆ ತಮ್ಮ ತಮ್ಮ ಗದ್ದೆಗಳ ಕೆಲಸವೇ ಸಾಕಾಗಿದ್ದುದರಿಂದ ತೋಟದ ಆಳುಗಳು ಹೊರಗಿನಿಂದಲೇ ಬರಬೇಕಾಗಿದ್ದಿತು. ಅವರಲ್ಲಿ ಬಹುಮಂದಿ ಮೈಸೂರು ಸೀಮೆಯವರು. ಬೇಸಾಯದ ಕೆಲಸ ಕಡಮೆಯಾದಾಗ ಬಂದು ಮತ್ತೆ ಊರಿಗೆ ಹಿಂದಿರುಗುವವರು. ಇಲ್ಲಿ ಒಂದಂಶವು ಗಮನಾರ್ಹವಾದುದು. ಮೈಸೂರು ಸಂಸ್ಥಾನದ ಪ್ರಜೆಗಳು ಬ್ರಿಟಿಷ್ ಪ್ರಜೆಗಳಾಗಿರಲಿಲ್ಲ. ಕೊಡಗಾದರೋ ಬ್ರಿಟಿಷ್ ಇಂಡಿಯದ ಭಾಗ. ಕುಶಾಲನಗರದ ಬಳಿ ಕಾವೇರಿಯನ್ನು ದಾಟಿದೊಡನೆ ಆಳುವ ಪ್ರಭುತ್ವವೇ ಬೇರೆಯಾಗುತ್ತಿದ್ದಿತು. ನುಡಿ ಒಂದೇ, ನದಿ ಒಂದೇ, ಆದರೂ ಆ ಕೂಲಿಯು ನ್ಯಾಯಶಾಸ್ತ್ರದ ದೃಷ್ಟಿಯಿಂದ ಪರರಾಜ್ಯಕ್ಕೆ ಹೋದವನೇ. ಅವನು ಹೊಳೆ ದಾಟಲು ರಹದಾರಿ ಬೇಕಾಗಿರಲಿಲ್ಲ. ಅವನನ್ನು ಹಿಡಿದು ನಿಲ್ಲಿಸುತ್ತಿದ್ದುದು ಮುಂಗಡ.

ಮುಂಗಡದ ಕ್ರಮವು ಹೀಗೆ: ತೋಟದ ದೊರೆಯು ಮೇಸ್ತ್ರಿಗೆ ಹಣ ಕೊಡುವನು, ಮೇಸ್ತ್ರಿಯು ಹಳ್ಳಿಗಳಿಗೆ ಹೋಗಿ ಮದುವೆಗೋ ಹಳೆಯ ಸಾಲಕ್ಕೋ ಹಣ ಬೇಕಾದವರಿಗೆ ಅದನ್ನು ಹಂಚಿ, ಅವರನ್ನು ಕರೆತಂದು ಲೈನುಮನೆಗಳಲ್ಲಿ ಇರಿಸುವನು, ಹಣವು ಕೂಲಿಯಲ್ಲಿ ಮುರಿದುಕೊಳ್ಳಲ್ಪಡುವುದು. ಇಷ್ಟರಮಟ್ಟಿಗೆ ಇದು ಸಾಲ ಮಾತ್ರ. ಆದರೆ 1859ರ ಹದಿಮೂರನೆಯ ಕಾಯಿದೆಯು ಈ ಸಾಲಕ್ಕೆ ಸೆರೆಮನೆಯ ಬಾಗಿಲನ್ನು ಜೋಡಿಸಿತು. ಮುಂಗಡ ಪಡೆದವನು ಸಕಾರಣವಿಲ್ಲದೆ ಕೆಲಸ ಬಿಟ್ಟರೆ, ಹಣವನ್ನು ಹಿಂದಿರುಗಿಸುವಂತೆ ಅಥವಾ ಕೆಲಸವನ್ನು ಪೂರೈಸುವಂತೆ ಮ್ಯಾಜಿಸ್ಟ್ರೇಟನು ಆಜ್ಞಾಪಿಸಬಹುದು. ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಸೆರೆ. ಇದಲ್ಲದೆ, ಧಣಿಯ ವೆಚ್ಚದಿಂದ ದೂರದ ಸ್ಥಳಕ್ಕೆ ಕರೆದೊಯ್ಯಲ್ಪಟ್ಟವನು ಬರವಣಿಗೆಯ ಕರಾರನ್ನು ಮುರಿದು ಹೊರಟುಹೋದರೆ, ಒಂದು ತಿಂಗಳವರೆಗಿನ ಸೆರೆಯನ್ನೋ ವೆಚ್ಚದ ಇಮ್ಮಡಿಯವರೆಗಿನ ದಂಡವನ್ನೋ ಅಥವಾ ಎರಡನ್ನೂ ದಂಡಸಂಹಿತೆಯ 492ನೆಯ ವಿಧಿಯು ವಿಧಿಸುತ್ತಿದ್ದಿತು.

ಇಂತಹ ಕಟ್ಟಳೆ ನಮ್ಮ ಪ್ರಾಚೀನ ಶಾಸ್ತ್ರಗಳಲ್ಲಿಯೂ ಇಲ್ಲವೆ ಎಂಬ ಶಂಕೆ ಏಳಬಹುದು. ಇದೆ, ಆದರೆ ಅದರ ರೂಪವನ್ನು ಸೂಕ್ಷ್ಮವಾಗಿ ನೋಡಬೇಕು. ವೇತನ ತೆಗೆದುಕೊಂಡು ಕೆಲಸ ಬಿಟ್ಟವನು ಅದರ ಇಮ್ಮಡಿಯನ್ನು ಕೊಡಬೇಕೆಂದು ಯಾಜ್ಞವಲ್ಕ್ಯನ ಮತ. 492ನೆಯ ವಿಧಿಯ ಇಮ್ಮಡಿಯೊಡನೆ ಇದರ ಸಾಮ್ಯವು ಕುತೂಹಲಕರವಾಗಿದೆ. ಕೌಟಿಲ್ಯನು ಹನ್ನೆರಡು ಪಣಗಳ ದಂಡವನ್ನೂ, ಕೆಲಸ ಮುಗಿಯುವವರೆಗೆ ತಡೆದಿಡುವುದನ್ನೂ ಹೇಳುತ್ತಾನೆ. ಆದರೆ ಅಶಕ್ತನಾದವನಿಗೆ, ರೋಗಿಗೆ, ಆಪತ್ತಿಗೊಳಗಾದವನಿಗೆ, ಹೀನವಾದ ಕೆಲಸಕ್ಕೆ ಹಚ್ಚಲ್ಪಟ್ಟವನಿಗೆ ಕರಾರಿನಿಂದ ಹಿಂದೆ ಸರಿಯುವ ಹಕ್ಕನ್ನೂ ಕೊಡುತ್ತಾನೆ. ಅಷ್ಟೇ ಅಲ್ಲ, ವೇತನವನ್ನು ಕೊಡದ ಒಡೆಯನಿಗೂ ಅದೇ ಪ್ರಕರಣದಲ್ಲಿ ದಂಡವುಂಟು. 1859ರ ಕಾಯಿದೆಯಾದರೋ ಕೆಲಸಗಾರನ ತಪ್ಪಿಗೆ ಮಾತ್ರ ಸೆರೆಯನ್ನು ವಿಧಿಸಿತು. ಕೂಲಿಯನ್ನು ತಡೆಹಿಡಿದ ಧಣಿಗೆ ಅದರಲ್ಲಿ ಶಿಕ್ಷೆಯಿಲ್ಲ. ಒಂದೇ ತಟ್ಟೆಯುಳ್ಳ ತಕ್ಕಡಿ ಅದು.

ಇನ್ನೊಂದು ವಿವೇಕವನ್ನು ಕನ್ನಡನಾಡಿನಲ್ಲಿಯೇ ರಚಿತವಾದ ಗ್ರಂಥವು ತೋರಿಸುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಸೇವಕರನ್ನು ವಿಂಗಡಿಸುವಾಗ ಶಿಷ್ಯ, ಅಂತೇವಾಸಿ, ಭೃತಕ, ಅಧಿಕರ್ಮಕೃತ್ ಎಂಬ ನಾಲ್ವರು ಕರ್ಮಕರರನ್ನು ಒಂದೆಡೆಯೂ, ದಾಸರನ್ನು ಬೇರೊಂದೆಡೆಯೂ ಇಡುತ್ತಾನೆ. ಭೃತಕನು ತನ್ನ ಕೆಲಸವನ್ನು ಮಾರುತ್ತಾನೆ, ತನ್ನನ್ನಲ್ಲ. ಮುಂಗಡದ ಸಾಲವನ್ನು ಹಣದಿಂದ ತೀರಿಸಿಕೊಳ್ಳುವವರೆಗೆ ಅವನು ಭೃತಕ. ಆ ಸಾಲಕ್ಕಾಗಿ ಅವನ ದೇಹವನ್ನೇ ಹಿಡಿಯಬಹುದೆಂದಾಗ ಭೃತಕನಿಗೂ ದಾಸನಿಗೂ ನಡುವಣ ಗೆರೆ ಅಳಿಸತೊಡಗುತ್ತದೆ.

1925ರ ಮೂರನೆಯ ಕಾಯಿದೆಯು ಹಿಂದಿನ ಕಾಯಿದೆಯನ್ನೂ 492ನೆಯ ವಿಧಿಯನ್ನೂ ರದ್ದುಪಡಿಸಿತು. ಆದರೂ ಈ ಕಟ್ಟು ಕೊಡಗಿನಲ್ಲಿ ಒಡನೆಯೇ ಸಡಿಲವಾಗಲಿಲ್ಲ. 1924ರಲ್ಲಿ ಏರ್ಪಟ್ಟ ಕೊಡಗಿನ ಶಾಸನಸಭೆಯು 1926ರಲ್ಲಿ ಕೊಡಗು ಕೂಲಿಗಾರರ ಕಾಯಿದೆಯೆಂಬ ಮಿತಕಾಲದ ಶಾಸನದಿಂದ ಕರಾರುಭಂಗಕ್ಕೆ ಶಿಕ್ಷೆಯನ್ನು ಉಳಿಸಿಕೊಂಡಿತು. ಈ ಕಟ್ಟಿಲ್ಲದೆ ಆಳು ನಿಲ್ಲದು, ಆಳಿಲ್ಲದೆ ತೋಟ ನಿಲ್ಲದು ಎಂಬುದೇ ಇಂತಹ ಶಾಸನದ ಹಿಂದಿನ ವಾದಸರಣಿ. 1931ರಲ್ಲಿ ಆ ಕಾಯಿದೆಯೂ ಮುಗಿಯಿತು. ತೋಟಗಳು ಮುಗಿಯಲಿಲ್ಲ. 1946ರಲ್ಲಿ ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನೆಯ ಉಪಕೇಂದ್ರವು ಸ್ಥಾಪಿತವಾಯಿತು. ಇಂದು ಭಾರತದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಕೊಡಗಿನದೇ. ಬೆಳೆಯನ್ನು ಉಳಿಸಿದುದು ಸೆರೆಮನೆಯಲ್ಲ, ವಿದ್ಯೆ ಮತ್ತು ದುಡಿಮೆ.

ಆ ವಿದ್ಯೆಯೂ ಒಂದಂಶದಲ್ಲಿ ಹೊರಗಿನಿಂದ ಬಂದುದೇ. ಚೆಟ್ಟಳ್ಳಿಯ ಕೇಂದ್ರಕ್ಕೆ ಮಾತೃಸ್ಥಾನದಲ್ಲಿರುವ ಬಾಳೆಹೊನ್ನೂರಿನ ಕಾಫಿ ಪ್ರಯೋಗಕ್ಷೇತ್ರವು 1925ರಲ್ಲಿ ಆರಂಭವಾದುದು ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ. ಕೆನಡಾದವರಾದ ಇವರನ್ನು ಮೈಸೂರು ಸರಕಾರವು 1908ರಲ್ಲಿ ಕೆಲಸಕ್ಕೆ ಕರೆಸಿಕೊಂಡಿತು. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣವನ್ನು ಸಿಂಪಡಿಸುವ ಉಪಾಯವನ್ನು ಮಲೆನಾಡಿನಲ್ಲಿ ನೆಲೆಗೊಳಿಸಿದವರು ಅವರೇ. ಅದೇ ಕಾಲದಲ್ಲಿ ಹೊಳೆ ದಾಟಿ ಕೊಡಗಿಗೆ ಹೋದ ಕೂಲಿಗೆ ಮುಂಗಡವೂ ಸೆರೆಯ ಭಯವೂ. ಕಡಲು ದಾಟಿ ಮೈಸೂರಿಗೆ ಬಂದ ಪಂಡಿತನಿಗೆ ಪದವಿಯೂ ಗೌರವವೂ. ಇಬ್ಬರೂ ಪರಸ್ಥಳದವರೇ, ಇಬ್ಬರ ದುಡಿಮೆಯೂ ಬೇಕಾದುದೇ, ಭೇದವು ಕರಾರಿನಲ್ಲಿದ್ದಿತು.

ಇಂದಿನ ಸ್ಥಿತಿಯಲ್ಲಿ ಈ ಭೇದವು ವಿಚಿತ್ರವಾಗಿ ತಿರುವುಮುರುವಾಗಿದೆ. ಅಸ್ಸಾಮು, ಬಂಗಾಳಗಳಿಂದ ಕೊಡಗಿನ ತೋಟಗಳಿಗೆ ಬರುವ ನಮ್ಮ ದೇಶದ ಕೂಲಿಗಾರನಿಗೆ, 1950ರಲ್ಲಿ ಜಾರಿಗೆ ಬಂದ ಸಂವಿಧಾನದ 19ನೆಯ ವಿಧಿಯ ಪ್ರಕಾರ ದೇಶದಲ್ಲೆಲ್ಲ ಸಂಚರಿಸುವ ಹಕ್ಕುಂಟು. ಬಡತನವು ಅವನನ್ನು ತಡೆಯಬಹುದು, ಶಾಸನವು ತಡೆಯದು. ಗಣಕವಿದ್ಯೆಯಲ್ಲಿ ನಿಪುಣನಾಗಿ ಅಮೆರಿಕೆಗೆ ಹೋದ ಕನ್ನಡಿಗನಾದರೋ ಅಪ್ಪಣೆಯಿಂದ ಇರುವವನು. 1990ರ ಶಾಸನದಿಂದ ರೂಪುಗೊಂಡ ಎಚ್-1ಬಿ ವೀಸಾಕ್ಕೆ ವರ್ಷಕ್ಕೆ 65,000 ಎಂಬ ಮಿತಿಯಿದೆ. ಅಲ್ಲಿ ಉನ್ನತ ಪದವಿ ಪಡೆದವರಿಗೆ ಇನ್ನೂ 20,000. ಅರ್ಜಿಯನ್ನು ಸಲ್ಲಿಸುವವನು ಧಣಿ, ಕೆಲಸಗಾರನಲ್ಲ. 2025ರ ಸೆಪ್ಟೆಂಬರಿನಲ್ಲಿ ಹೊರಟ ಅಧ್ಯಕ್ಷರ ಘೋಷಣೆಯು ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರುಗಳ ಹೊರೆಯನ್ನು ಕಟ್ಟಿತು. ಹಿರಿಯ ಸಂಸ್ಥೆಗಳು ಹೊರಬಹುದಾದ ಈ ಭಾರ ಐದಾರು ಮಂದಿಯ ನೂತನೋದ್ಯಮಕ್ಕೆ ದುಸ್ಸಹವೆಂಬುದು ಸ್ಪಷ್ಟ.

ಈ ಎರಡು ವ್ಯವಸ್ಥೆಗಳನ್ನೂ ಒಂದೇ ಎನ್ನುವುದು ಅನ್ಯಾಯವಾದೀತು. ಇಲ್ಲಿ ಕೆಲಸ ಬಿಟ್ಟುದಕ್ಕಾಗಿ ಸೆರೆಯಿಲ್ಲ. ತಕ್ಕ ವೇತನವನ್ನು ಕೊಡಲೇಬೇಕೆಂದು ಧಣಿಗೆ ನಿಯಮವಿದೆ. ಅವಧಿಗೆ ಮೊದಲು ತೆಗೆದುಹಾಕಿದರೆ ಊರಿಗೆ ಮರಳುವ ವೆಚ್ಚವೂ ಅವನದೇ. 2000ದ ಶಾಸನವು ಧಣಿಯನ್ನು ಬದಲಾಯಿಸುವುದನ್ನು ಸುಲಭಗೊಳಿಸಿತು. ತಕ್ಕಡಿಗೆ ಎರಡನೆಯ ತಟ್ಟೆ ಬಂದಿದೆಯೆಂದೇ ಹೇಳಬೇಕು. ಆದರೆ ಉದ್ಯಮವು ಮುಳುಗಿ ಕೆಲಸವು ಹೋದರೆ, 2017ರಿಂದ ಜಾರಿಯಲ್ಲಿರುವ ನಿಯಮದಂತೆ, ಬೇರೆ ಧಣಿಯನ್ನು ಹುಡುಕಲು ಇರುವ ಅವಕಾಶ ಹೆಚ್ಚೆಂದರೆ ಅರುವತ್ತು ದಿನ. ಮನೆ, ಮಕ್ಕಳ ಶಾಲೆ, ಸಾಲ, ಎಲ್ಲವೂ ಆ ಅರುವತ್ತು ದಿನಗಳ ಮೇಲೆ ನಿಲ್ಲುತ್ತವೆ. ಇದಕ್ಕೆ ವಿರುದ್ಧವಾಗಿ ಜರ್ಮನಿಯು 2024ರ ಜೂನಿನಿಂದ ಒಂದು ಹೊಸ ಕ್ರಮವನ್ನು ತಂದಿತು: ಯೋಗ್ಯತೆಯುಳ್ಳವನು ಧಣಿಯ ಹಂಗಿಲ್ಲದೆ ಆ ದೇಶಕ್ಕೆ ಹೋಗಿ, ಒಂದು ವರ್ಷದವರೆಗೆ ಕೆಲಸವನ್ನು ಹುಡುಕಬಹುದು. ಅಲ್ಲಿ ಅಪ್ಪಣೆಯು ಕೆಲಸಗಾರನ ಕೈಯಲ್ಲಿದೆ.

ಕೌಟಿಲ್ಯನ ಮುದ್ರಾಧ್ಯಕ್ಷನು ಒಂದು ಮಾಷಕವನ್ನು ಪಡೆದು, ನಾಡನ್ನು ಹೊಗುವವನಿಗೂ ಬಿಡುವವನಿಗೂ ಮುದ್ರೆಯನ್ನು ಕೊಡುತ್ತಿದ್ದನು. ಆ ಮುದ್ರೆಯು ರಾಜನಿಗೂ ಪಯಣಿಗನಿಗೂ ನಡುವಣ ವ್ಯವಹಾರ. ಮೂರನೆಯವನಾದ ಒಡೆಯನಿಗೆ ಅದರಲ್ಲಿ ಪಾಲಿರಲಿಲ್ಲ. ಯಾರು ಒಳಗೆ ಬರಬೇಕೆಂಬುದನ್ನು ನಿರ್ಣಯಿಸುವ ಅಧಿಕಾರ ಪ್ರತಿಯೊಂದು ರಾಜ್ಯಕ್ಕೂ ಉಂಟು. ಕರೆಸಿದವನಿಗೆ ತಾನು ಕೊಟ್ಟ ಹಣದ ಲೆಕ್ಕವನ್ನು ಕೇಳುವ ಹಕ್ಕೂ ಉಂಟು. ಆದರೆ ರಹದಾರಿಯೂ ಮುಂಗಡವೂ ಒಂದೇ ಕೈಗೆ ಸೇರಿದಾಗ ಭೃತಕನು ದಾಸನ ಕಡೆಗೆ ಜಾರತೊಡಗುತ್ತಾನೆ. ಕಟ್ಟು ಬಿಚ್ಚಿದ ಮೇಲೆಯೂ ಕಾಫಿ ಬೆಳೆಯಿತು ಎಂಬುದು ಕೊಡಗಿನ ತೋಟಗಳ ಸಾಕ್ಷ್ಯ. ಹೊಸ ಉದ್ಯಮಗಳಿಗೆ ಶಾಸನವನ್ನು ರಚಿಸುವವರು ಈ ಸಾಕ್ಷ್ಯವನ್ನು ಕೇಳುವುದು ಯುಕ್ತ.