ಪಾದ್ರಿಯಿಲ್ಲದ ಇಗರ್ಜಿ

ಬ್ಯಾಂಕಿನಲ್ಲಿ ದಿನವಿಡೀ ಲೆಕ್ಕದ ಪುಸ್ತಕ ಬರೆಯುವ ನಮಗೆ, ದಿನಗಳ ಲೆಕ್ಕವೊಂದು ಇಡೀ ಊರಿನ ಧರ್ಮವನ್ನು ಉಳಿಸಿತೆಂದರೆ ಸೋಜಿಗವೆನಿಸದಿರದು. ಆ ಊರು ಜಪಾನಿನ ನಾಗಸಾಕಿಯ ಬಳಿಯ ಉರಾಕಾಮಿ.

1614ರಲ್ಲಿ ತೊಕುಗಾವ ಆಡಳಿತವು ಕ್ರೈಸ್ತಧರ್ಮವನ್ನು ದೇಶದಾದ್ಯಂತ ನಿಷೇಧಿಸಿತು. ಇಗರ್ಜಿಗಳು ನೆಲಸಮವಾದವು. ಪಾದ್ರಿಗಳು ಗಡೀಪಾರಾದರು, ಅಡಗಿ ಉಳಿದವರು ಸಿಕ್ಕಿ ಪ್ರಾಣ ತೆತ್ತರು. ಬಹಿರಂಗ ಪೂಜೆ ನಿಂತೇಹೋಯಿತು.

ಆದರೆ ಕೂಟ ಚದರಲಿಲ್ಲ. ಹಳ್ಳಿಗರು ಗುಟ್ಟಾಗಿ ತಮ್ಮೊಳಗೇ ಕೆಲಸ ಹಂಚಿಕೊಂಡರು. ‘ಚೋಕಾತ’, ಎಂದರೆ ಪುಸ್ತಕ ಇಡುವವನು, ಹಬ್ಬ ಉಪವಾಸಗಳ ದಿನ ಎಣಿಸುತ್ತಿದ್ದನು. ‘ಮಿಜುಕಾತ’ನು ಕೂಸುಗಳಿಗೆ ಜ್ಞಾನಸ್ನಾನ ಮಾಡಿಸುತ್ತಿದ್ದನು. ‘ಕಿಕಿಯಾಕು’ ಕೇರಿಯವರಿಗೆ ಸುದ್ದಿ ಮುಟ್ಟಿಸುತ್ತಿದ್ದನು. ಪ್ರಾರ್ಥನೆಗಳು ಹೆತ್ತವರಿಂದ ಮಕ್ಕಳಿಗೆ ಬಾಯಿಪಾಠವಾಗಿ ಬಂದವು. ಹೀಗೆ ಏಳು ತಲೆಮಾರು!

1865ರ ಮಾರ್ಚ್ 17ರಂದು ಉರಾಕಾಮಿಯ ಹದಿನೈದರಷ್ಟು ಜನ, ಪರದೇಶೀಯರಿಗೆಂದು ನಾಗಸಾಕಿಯಲ್ಲಿ ಹೊಸತಾಗಿ ಕಟ್ಟಿದ್ದ ಓಉರಾ ಇಗರ್ಜಿಗೆ ಬಂದರು. ತಮ್ಮ ನಂಬಿಕೆಯೂ ಅದೇ ಎಂದು ಫ್ರೆಂಚ್ ಪಾದ್ರಿ ಪೆತಿಜಾನರಿಗೆ ಮೆಲ್ಲನೆ ತಿಳಿಸಿ, ಮರಿಯಮ್ಮನ ಪ್ರತಿಮೆ ಎಲ್ಲಿ ಎಂದು ಕೇಳಿದರು. ಅಂದು ತಪಸ್ಸುಕಾಲದ ಹದಿನೇಳನೆಯ ದಿನವೆಂದೂ ಹೇಳಿದರು. ಆ ವರ್ಷ ತಪಸ್ಸುಕಾಲ ಮೊದಲಾದುದು ಮಾರ್ಚ್ 1ಕ್ಕೆ. ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ.

ಕಷ್ಟ ಅಲ್ಲಿಗೇ ತೀರಲಿಲ್ಲ. ಗುಟ್ಟು ರಟ್ಟಾದ ಮೇಲೆ ಉರಾಕಾಮಿಯ 3,000ಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಿದರು. 600ಕ್ಕೂ ಮಿಕ್ಕಿ ಜನ ತೀರಿಕೊಂಡರು. 1873ರಲ್ಲಿ ನಿಷೇಧದ ಫಲಕಗಳು ಇಳಿದವು. ಉಳಿದವರು ಊರಿಗೆ ಮರಳಿದರು.

ಊರು ಬಿಟ್ಟು ಬಂದ ನಮ್ಮ ನುಡಿಗೆ ಯಾರ ನಿಷೇಧವೂ ಇಲ್ಲ. ಆದರೂ, ನಮ್ಮ ಮನೆಗಳಲ್ಲಿ ಆ ಪುಸ್ತಕ ಇಡುವವರು ಯಾರು?